ಜಾವಾದಲ್ಲಿ ಮೂರು ದಂಡು, ಒಂದು ತಂತಿ

ಕುಕನೂರು

ನಾನು ಜಾವಾ ದೇಶಕ್ಕೆ ಹೋದದ್ದು ಶೌರ್ಯದಿಂದಲ್ಲ, ಉರ್ದುವಿನಿಂದ. ನಮ್ಮ ಯಲಬುರ್ಗಾ ತಾಲ್ಲೂಕು ಆಗ ನಿಜಾಮರ ಸೀಮೆ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು. ಕನ್ನಡವನ್ನು ಅಪ್ಪ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ. ಉರ್ದುವನ್ನು ಮೌಲವಿ ಸಾಹೇಬರು ಬೆತ್ತ ಹಿಡಿದು ಕಲಿಸಿದರು. ಎರಡನೆಯದು ಹೆಚ್ಚು ಗಟ್ಟಿಯಾಗಿ ಉಳಿಯಿತು. ಗದಗಿನಲ್ಲಿ ಆರು ತಿಂಗಳು ಇದ್ದು ಟೈಪ್, ಜೊತೆಗೆ ಒಂದಿಷ್ಟು ಇಂಗ್ಲಿಷ್ ಕಲಿತೆ. ಮಾಸ್ತರಿಕೆಗೆ ಅರ್ಜಿ ಹಾಕಿದಾಗಲೆಲ್ಲ ಜಾಗ ಇಲ್ಲವೆಂಬ ಉತ್ತರ ಬರುತ್ತಿತ್ತು. ಹೀಗೆ ಎರಡು ವರ್ಷ ಕಳೆದ ಮೇಲೆ ಹೊಳೆ ದಾಟಿ ಬಳ್ಳಾರಿಗೆ ಹೋದೆ. ಅಲ್ಲಿ ಇಂಗ್ಲಿಷರು ದಂಡಿಗೆ ಜನ ಸೇರಿಸುತ್ತಿದ್ದರು. ಆ ದಂಡಿನ ಕಾಗದಪತ್ರ ಉರ್ದು ಮಾತಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ನಡೆಯುತ್ತಿತ್ತು. ನನಗೆ ಎರಡೂ ಬರುತ್ತಿದ್ದವು. ಬಂದೂಕು ಮುಟ್ಟದೆ ನಾನು ಸೈನಿಕನಾದೆ.

ಮನೆಯಲ್ಲಿ ಹೆಂಡತಿ, ಎಳೆಯ ಮಗಳು ಇದ್ದರೂ ಅತ್ತವಳು ಅವ್ವ. ನಾವು ಮಠದ ಅಯ್ಯನವರ ಪೈಕಿ. ಬೆಳ್ಳುಳ್ಳಿ ತಿಂದರೂ ತತ್ತಿ ಮುಟ್ಟದವರು. "ಅಲ್ಲಿ ಏನು ಉಣ್ತೀಯೋ ವೀರಯ್ಯಾ?" ಎಂಬುದೊಂದೇ ಆಕೆಯ ಚಿಂತೆ. ಗುಂಡು ತಗಲುವುದರ ಬಗ್ಗೆ ಆಕೆ ಒಂದು ಮಾತೂ ಕೇಳಲಿಲ್ಲ.

ಹಡಗು

ಎರಡು ವರ್ಷ ಅಸ್ಸಾಮಿನ ಒಂದು ದಾಸ್ತಾನಿನಲ್ಲಿ ಕಂಬಳಿಗಳ ಯಾದಿ ಟೈಪ್ ಮಾಡಿದೆ. ನಲವತ್ತೈದರಲ್ಲಿ ಜಪಾನು ಶರಣಾಯಿತು. ಊರಿಗೆ ಹೋಗುವ ಹುಮ್ಮಸ್ಸಿನಲ್ಲಿ ಟ್ರಂಕಿಗೆ ಬೀಗ ಹಾಕಿದವನನ್ನು ಹಡಗು ಹತ್ತಿಸಿದರು. ಆ ಹಡಗು ಊರಿನ ಕಡೆಗೆ ಹೋಗುವುದಲ್ಲ ಎಂಬುದು ಸೂರ್ಯ ಹುಟ್ಟುವ ದಿಕ್ಕು ನೋಡಿದ ಮೇಲೆ ತಿಳಿಯಿತು.

ಹಡಗಿನಲ್ಲಿ ಹನುಮಪ್ಪ ಸಿಕ್ಕ. ಹುಲಿಗಿಯ ಅಗಸ, ತುಂಗಭದ್ರೆಯ ಬಂಡೆಗಳ ಮೇಲೆ ಯಾತ್ರೆಯ ಜನರ ಬಟ್ಟೆ ಒಗೆದು ಬೆಳೆದವನು. ನನಗಿಂತ ಹತ್ತು ವರ್ಷ ದೊಡ್ಡವನು. ದಂಡಿನಲ್ಲಿ ಸಾಬೂನು ಸರಕಾರವೇ ಕೊಡುತ್ತದೆ ಎಂದು ಯಾರೋ ಹೇಳಿದ ಮಾತಿಗೆ ಸೈನ್ಯ ಸೇರಿದ್ದ. ಸಾವಿರ ಜನರ ನಡುವೆ ನನ್ನ ಮಾತು ಕೇಳಿ ಓಡಿ ಬಂದು, "ಯಪ್ಪಾ, ನೀವು ನಮ್ಮ ಕಡ್ಯಾವ್ರು! ಯಾವೂರ್ರಿ?" ಎಂದ. ಕುಕನೂರು ಎಂದೆ. ಆಮೇಲೆ ಹಡಗು ಅಲ್ಲಾಡಿದಾಗಲೆಲ್ಲ ಅವನು ನನ್ನ ತೋಳು ಹಿಡಿದೇ ವಾಂತಿ ಮಾಡಿಕೊಂಡ.

ಸೆರೆಯಲ್ಲಿರುವ ಬಿಳಿಯರನ್ನು ಬಿಡಿಸಿ ತರುವುದಷ್ಟೇ ನಮ್ಮ ಕೆಲಸ ಎಂದು ಹೇಳಿದ್ದರು. ಬಂದರು ಕಂಡಾಗ ದೂರದಲ್ಲಿ ಗುಂಡಿನ ಸಪ್ಪಳ ಕೇಳಿಸಿತು.

"ಸ್ವಾಮ್ಯಾರ, ಯುದ್ಧ ಮುಗದೈತಿ ಅಂದ್ರಲ್ರಿ?"

"ಮುಗದೈತಿ."

"ಮತ್ತ ಇದೇನ್ರಿ?"

"ಇದು ಬ್ಯಾರೇದು ಇರಬೇಕು," ಎಂದೆ. ನನಗೂ ಗೊತ್ತಿರಲಿಲ್ಲ.

ಸಕ್ಕರೆ ಕಾರ್ಖಾನೆ

ಆ ದೇಶದ ಕತೆ ಇಷ್ಟು. ಡಚ್ಚರು ತಲೆಮಾರುಗಟ್ಟಲೆ ಆಳಿದ ಮನೆ ಅದು. ಯುದ್ಧದಲ್ಲಿ ಜಪಾನಿಯರು ಹೊಕ್ಕು ಅವರನ್ನು ಸೆರೆಗೆ ಹಾಕಿದರು. ಜಪಾನಿಯರು ಸೋತರು. ಡಚ್ಚರು ಅಂಗಿ ಗುಂಡಿ ಹಾಕಿಕೊಂಡು ಹೊರಬರುವಷ್ಟರಲ್ಲಿ ಮನೆಯೇ ಎದ್ದು ನಿಂತು, ನಾನು ಇಬ್ಬರದ್ದೂ ಅಲ್ಲ ಎಂದಿತು. ಗೋಡೆ ಗೋಡೆಯ ಮೇಲೆ 'ಮೆರ್ದೇಕಾ' ಎಂದು ಬರೆದಿತ್ತು, ಸ್ವಾತಂತ್ರ್ಯ ಎಂದರ್ಥ. ನಾವು ಬೀಗದ ಕೈ ಹಿಡಿದುಕೊಂಡು ಬಂದ ಪಕ್ಕದ ಮನೆಯವರು.

ನಮ್ಮ ತುಕಡಿಯನ್ನು ಬಂದರಿನಿಂದ ಒಳಗೆ, ನಿಂತುಹೋದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇಳಿಸಿದರು. ಅಲ್ಲಿ ಮೂರು ದಂಡು ಒಂದೇ ಅಂಗಳದಲ್ಲಿದ್ದವು. ನಮ್ಮ ಇಂಗ್ಲಿಷ್ ಕ್ಯಾಪ್ಟನ್ ಮತ್ತು ನಾವು ಹಿಂದೂಸ್ತಾನಿಗಳು ಒಂದು. ಸೆರೆಯಿಂದ ಬಂದು ಎಲುಬು ಗೂಡಾಗಿದ್ದ ಒಬ್ಬ ಡಚ್ ಅಧಿಕಾರಿ ಮತ್ತು ಅವನ ಹದಿನೈದು ಜನ ಇನ್ನೊಂದು. ಮೂರನೆಯವರು ಜಪಾನಿಯರು, ಅಂದರೆ ನಾವು ಸೋಲಿಸಿದ ಶತ್ರುಗಳು. ನಮ್ಮ ಜನ ಸಾಲದೆಂದು ಅವರ ಬಂದೂಕನ್ನು ಅವರ ಕೈಯಲ್ಲೇ ಬಿಟ್ಟು ಕಾವಲಿಗೆ ನಿಲ್ಲಿಸಿದ್ದರು. ತನ್ನನ್ನು ಮೂರು ವರ್ಷ ಸೆರೆಯಲ್ಲಿಟ್ಟವರು ಈಗ ತನ್ನ ಕೋಣೆಯ ಬಾಗಿಲು ಕಾಯುವುದನ್ನು ನೋಡಿ ಡಚ್ ಅಧಿಕಾರಿ ದಿನಾ ಬೆಳಿಗ್ಗೆ ಬೆಚ್ಚುತ್ತಿದ್ದ. ಜಪಾನಿ ಲೆಫ್ಟಿನೆಂಟ್ ದಿನಾ ಬೆಳಿಗ್ಗೆ ಅವನಿಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ.

ಕಾರ್ಖಾನೆಯಿಂದ ನಾಲ್ಕು ಮೈಲಿಯಾಚೆ ಒಂದು ಸೇತುವೆ. ಅಲ್ಲಿನ ಕಾವಲಿಗೂ ನಮಗೂ ನಡುವೆ ಬಿದಿರು ಗಳಗಳ ಮೇಲೆ ಎಳೆದ ಟೆಲಿಫೋನ್ ತಂತಿ. ಅದು ಹಳ್ಳದ ದಂಡೆಗುಂಟ ಮೂರು ಹಳ್ಳಿ ದಾಟಿ ಹೋಗುತ್ತಿತ್ತು. ಬಂಡಾಯದ ಹುಡುಗರು ದಿನ ಬಿಟ್ಟು ದಿನ ಅದನ್ನು ಕಡಿಯುತ್ತಿದ್ದರು. ನಮ್ಮ ಕ್ಯಾಪ್ಟನ್ ಓದಿದ ಮನುಷ್ಯ. ಒಂದೊಂದು ಹಳ್ಳಿಯನ್ನು ಒಂದೊಂದು ದಂಡಿಗೆ ಒಪ್ಪಿಸಿ, ಬಂಡಾಯ ಅಡಗಿಸಲು ಯಾರ ಪದ್ಧತಿ ಉತ್ತಮವೆಂದು ಹೋಲಿಸಿ ವರದಿ ಬರೆಯುತ್ತೇನೆಂದ.

ಜಪಾನಿಯರು ತಮ್ಮ ಹಳ್ಳಿಯವರನ್ನು ಬೆಳಿಗ್ಗೆ ಸಾಲು ನಿಲ್ಲಿಸಿ, ತಲೆ ಎಣಿಸಿ, ಬಗ್ಗಿಸಿ ಕಳಿಸುತ್ತಿದ್ದರು. ಯಾಕೆ ಬಗ್ಗಬೇಕು, ಯಾರಿಗೆ ಬಗ್ಗಬೇಕು ಎಂಬುದು ಜಪಾನು ಸೋತ ಮೇಲೆ ಯಾರಿಗೂ ಸ್ಪಷ್ಟವಿರಲಿಲ್ಲ, ಲೆಫ್ಟಿನೆಂಟನಿಗೂ ಇರಲಿಲ್ಲ. ಡಚ್ ಅಧಿಕಾರಿ ಯುದ್ಧಕ್ಕೆ ಮುಂಚಿನ ತನ್ನ ದಪ್ಪ ವಹಿ ತಂದು ಎಲ್ಲರ ಹೆಸರು ಬರೆದ, ಹೆಬ್ಬೆಟ್ಟು ಒತ್ತಿಸಿ ಚೀಟಿ ಕೊಟ್ಟ. ಈ ಜನ ನಮ್ಮನ್ನು ಪ್ರೀತಿಸುತ್ತಾರೆ, ಕೆಡಿಸಿದವರು ನಾಲ್ಕಾರು ಪುಂಡರು ಎಂಬುದು ಅವನ ದೃಢ ನಂಬಿಕೆ. ಆ ಪುಂಡರ ಹೆಸರಿಗೆ ಕೆಂಪು ಶಾಯಿ ಬಳಸುತ್ತಿದ್ದ. ಕೆಂಪು ಶಾಯಿ ಬೇಗ ಮುಗಿಯಿತು.

ನಮ್ಮ ಇಂಗ್ಲಿಷ್ ಪದ್ಧತಿ ಮೃದುವಾದದ್ದು. ಫುಟ್‌ಬಾಲ್ ಪಂದ್ಯ ಇಟ್ಟೆವು, ಜಾಹೀರು ಅಂಟಿಸಿದೆವು. ಆಯುಧ ತಂದೊಪ್ಪಿಸಿರಿ ಎಂಬ ಜಾಹೀರಿಗೆ ಮರುದಿನವೇ ಊರಿಗೆ ಊರೇ ಸಾಲುಗಟ್ಟಿತು. ಕುಡಗೋಲು, ಈಳಿಗೆ, ತೆಂಗಿನಕಾಯಿ ಸುಲಿಯುವ ಕತ್ತಿ ರಾಶಿ ಬಿದ್ದವು. ಕ್ಯಾಪ್ಟನ್ ಹಿಗ್ಗಿ ಫೋಟೊ ತೆಗೆಸಿದ. ಆ ಮಧ್ಯಾಹ್ನ ಹೆಂಗಸರು ಬಂದು, ಅಡಿಗೆಗೆ ಕಾಯಿಪಲ್ಲೆ ಹೆಚ್ಚಬೇಕು, ಆಯುಧ ಕೊಡಿ ಎಂದು ಕೂತರು. ಕಡೆಗೆ ಬೆಳಿಗ್ಗೆ ಒಯ್ದು ಸಂಜೆ ಒಪ್ಪಿಸುವುದೆಂದು ಒಪ್ಪಂದವಾಯಿತು. ದಿನಾ ಸಂಜೆ ಅದೇ ಈಳಿಗೆಗಳನ್ನು 'ಶರಣಾದ ಆಯುಧ' ಎಂದು ನಾನು ಟೈಪ್ ಮಾಡಿದೆ.

ತಂತಿ ಮಾತ್ರ ಮೂರು ಹಳ್ಳಿಯಲ್ಲೂ ಸಮನಾಗಿ ತುಂಡಾಗುತ್ತಲೇ ಇತ್ತು.

ಹಳ್ಳದ ದಂಡೆ

ಇಷ್ಟರಲ್ಲಿ ಹನುಮಪ್ಪನ ಇಸ್ತ್ರಿ ಪೆಟ್ಟಿಗೆ ಒಡೆಯಿತು. ಊರು ಉರಿಯುತ್ತಿದ್ದರೂ ಚಡ್ಡಿಯ ಗೆರೆ ಕೆಡಬಾರದು, ಅದು ಇಂಗ್ಲಿಷ್ ದಂಡಿನ ನೇಮ. ಹಳ್ಳದ ಬಳಿ ಬಟ್ಟೆ ಒಗೆಯುವ ಹೆಂಗಸರಿದ್ದಾರೆಂದು ಕೇಳಿ ಇಬ್ಬರೂ ಹೊರಟೆವು. ನಾನು ಅಷ್ಟರಲ್ಲಿ ಅಲ್ಲಿನ ಮಲಾಯಿ ಮಾತು ತಕ್ಕಮಟ್ಟಿಗೆ ಕಲಿತಿದ್ದೆ. ನಮಗೆ ಅದು ಕಷ್ಟವಲ್ಲ. ಅಲ್ಲಿಯೂ ಗುರು ಅಂದರೆ ಗುರು, ದುನಿಯಾ ಅಂದರೆ ದುನಿಯಾ, ಸಾಬೂನಿಗೆ ಸಾಬುನ್, ರೊಟ್ಟಿಗೆ ರೋಟಿ. ಇದೇ ಧೈರ್ಯದಲ್ಲಿ ಹನುಮಪ್ಪ ನನ್ನನ್ನು ಹಿಂದೆ ತಳ್ಳಿ, ದಂಡೆಯಲ್ಲಿದ್ದ ಒಬ್ಬ ಮುದುಕಿಗೆ ಕೈ ಮುಗಿದು, ನಾನು ಹೇಳಿಕೊಟ್ಟಿದ್ದ ನಾಲ್ಕು ಮಾತಿನಲ್ಲಿ ವ್ಯವಹಾರ ಶುರು ಮಾಡಿದ. ನನ್ನನ್ನು ತೋರಿಸಿ, "ಇವರು ಸ್ವಾಮಿ," ಎಂದ. ತನ್ನ ಎದೆ ಮುಟ್ಟಿಕೊಂಡು, "ನನಗೆ ಇಸ್ತ್ರಿ ಬೇಕು," ಎಂದ.

ಅಲ್ಲಿ ಸ್ವಾಮಿ ಅಂದರೆ ಗಂಡ. ಇಸ್ತ್ರಿ ಅಂದರೆ ಹೆಂಡತಿ.

ಮುದುಕಿ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಒದ್ದೆ ಬಟ್ಟೆ ಬಿಟ್ಟು ನೆಲಕ್ಕೆ ಕೂತು ನಗತೊಡಗಿದಳು. ಉಳಿದ ಹೆಂಗಸರಿಗೆ ಕೂಗಿ ಹೇಳಿದಳು. ಹಳ್ಳದ ಆಚೆ ದಂಡೆಯವರೂ ನಕ್ಕರು. ಏನಾಯಿತೆಂದು ನನಗೆ ಹೊಳೆದು, ಹನುಮಪ್ಪನಿಗೆ ಹೇಳಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು, "ನನಗ ಹುಲಿಗ್ಯಾಗ ಇಸ್ತ್ರಿನೂ ಅದಾಳ, ಮೂರು ಮಕ್ಕಳೂ ಅದಾವು ಅಂತ ಹೇಳ್ರಿ ಸ್ವಾಮ್ಯಾರ!" ಎಂದ.

ಆಕೆಯನ್ನು ಎಲ್ಲರೂ ಬೊಕ್ ಕಾರ್ತೊ ಎನ್ನುತ್ತಿದ್ದರು. ಬೊಕ್ ಎಂದರೆ ಅವ್ವ. ಕಾರ್ತೊ ಆಕೆಯ ಮಗ. ನಮ್ಮಲ್ಲಿ ಬಸ್ಯಾನ ಅವ್ವ, ನಿಂಗ್ಯಾನ ಅವ್ವ ಎಂದು ಕರೆದು ಹೆಂಗಸಿನ ಸ್ವಂತ ಹೆಸರನ್ನೇ ಮರೆಯುವ ಹಾಗೆ ಅಲ್ಲಿಯೂ. ಆಕೆಯ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನಗೆ ಹಾಗೆಯೇ ಕೇಳಿಸುತ್ತಿತ್ತು.

ಆಕೆ ಉಟ್ಟಿದ್ದು ಗೋಣಿತಟ್ಟು. ಅಲ್ಲಿಯೂ ಅದಕ್ಕೆ ಗೋಣಿ ಎಂದೇ ಹೆಸರು. ಯುದ್ಧದ ವರ್ಷಗಳಲ್ಲಿ ಆ ದೇಶದಲ್ಲಿ ಬಟ್ಟೆಯೇ ಕಾಣದೆ ಹೋಗಿತ್ತು. ಹನುಮಪ್ಪ ಅದನ್ನು ನೋಡಿದ. ಮರುದಿನ ದಂಡಿನವರು ಹರಿದು ಬಿಸಾಡಿದ ಅಂಗಿ, ಹಾಸು, ಸೊಳ್ಳೆಪರದೆ ಗಂಟು ಕಟ್ಟಿ ತಂದು ಹೆಂಗಸರಿಗೆ ಕೊಟ್ಟ. ಆಕೆ ತನ್ನ ಇದ್ದಿಲು ಇಸ್ತ್ರಿ ಕೊಟ್ಟಳು. ಕೆಲವೇ ದಿನಗಳಲ್ಲಿ ಮೂರೂ ಹಳ್ಳಿಯ ಹೆಂಗಸರು ಹನುಮಪ್ಪನ ಜೊತೆ ಒಗೆಯತೊಡಗಿದರು. ಕೂಲಿ ಅಕ್ಕಿ, ಉಪ್ಪು, ಸಾಬೂನಿನ ರೂಪದಲ್ಲಿ ಹೋಗುತ್ತಿತ್ತು.

ಒಣಹಾಕುವುದೇ ಕಷ್ಟ. ಹುಲಿಗಿಯಲ್ಲಿ ಮರಳ ಮೇಲೆ ಹಾಸಿದರೆ ಆಯಿತು. ಇಲ್ಲಿ ನೆಲವೆಲ್ಲ ಕೆಸರು. ಹಗ್ಗ ಎಂಬುದು ಆ ಸೀಮೆಯಲ್ಲಿ ಇರಲಿಲ್ಲ. ಕಣ್ಣೆದುರಿಗೆ ಇದ್ದದ್ದು ತಂತಿ. ಹನುಮಪ್ಪ ಅದರ ಮೇಲೆ ಹಾಕಿದ. ಇಂಗ್ಲಿಷರ ಅಂಗಿ, ಡಚ್ಚರ ಅಂಗಿ, ಜಪಾನಿಯರ ಅಂಗಿ ಎಲ್ಲ ಒಂದೇ ತಂತಿಯ ಮೇಲೆ ಫರ್ಲಾಂಗುಗಟ್ಟಲೆ ತೋಳು ಚಾಚಿ ನಿಂತವು. ಬಟ್ಟೆಗೆ ಅಷ್ಟು ಬರವಿದ್ದ ನಾಡಿನಲ್ಲಿ ಒಂದು ಕಾಲುಚೀಲವೂ ಕಳುವಾಗಲಿಲ್ಲ. ತಂತಿಯೂ ತುಂಡಾಗಲಿಲ್ಲ. ಹೆಂಗಸರು ಪಾಳಿ ಹಚ್ಚಿ ಕಾಯುತ್ತಿದ್ದರು. ಕಡಿಯಲು ಬರುವವರು ಅವರ ಮಕ್ಕಳೇ ಆದ್ದರಿಂದ ಕಾಯುವುದು ಕಷ್ಟವಿರಲಿಲ್ಲ.

ಆ ದಿನಗಳಲ್ಲಿ ಬೊಕ್ ಕಾರ್ತೊ ನನಗೆ ಬಾಳೆಲೆಯಲ್ಲಿ ಅನ್ನ, ಬೇಯಿಸಿದ ಸೊಪ್ಪು, ಅದರ ಮೇಲೆ ಶೇಂಗಾದ ಚಟ್ನಿ ಹಾಕಿ ಕೊಡುತ್ತಿದ್ದಳು. ನಮ್ಮ ಶೇಂಗಾ ಹಿಂಡಿಗೆ ಬೆಲ್ಲ ಹಾಕಿದಂತಿರುತ್ತಿತ್ತು. ಊರು ಬಿಟ್ಟ ಮೇಲೆ ಅಷ್ಟು ರುಚಿಯಾದದ್ದು ಉಂಡಿರಲಿಲ್ಲ. ಒಂದು ತಿಂಗಳು ಉಂಡ ಮೇಲೆ ಅದರಲ್ಲಿ ಅರೆದ ಸಿಗಡಿ ಇರುತ್ತದೆಂದು ತಿಳಿಯಿತು. ಒಂದು ದಿನ ಉಪವಾಸ ಮಾಡಿದೆ. ಮರುದಿನ ಹೋಗಿ ಮತ್ತೆ ಉಂಡೆ. ಅವ್ವ ಈಗ ಇಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಉಣ್ಣುವಾಗ ಒಮ್ಮೆ ಆಕೆ ಕೇಳಿದಳು: "ನಿಮ್ಮೂರು ಯಾರು ಆಳ್ತಾರ?"

"ಹೈದರಾಬಾದಿನ ದೊರೆ."

"ಅವ್ರು ನಿಮ್ಮ ಮಾತು ಆಡ್ತಾರೇನು?"

"ಇಲ್ಲ."

"ಅವ್ರ ಮ್ಯಾಲೆ?"

"ಇಂಗ್ಲಿಷರು."

"ಅವ್ರು ಆಡ್ತಾರೇನು?"

"ಅವರೂ ಇಲ್ಲ."

ಆಕೆ ನನ್ನ ಎಲೆಗೆ ಇನ್ನೊಂದು ತುತ್ತು ಅನ್ನ ಹಾಕಿ, "ನಿಮ್ಮ ಮನ್ಯಾಗ ಇಷ್ಟು ಮಂದಿ ಕುಂತಾರ. ನೀ ಇಲ್ಲಿ ನಮ್ಮ ಮನಿ ಕಾಯಾಕ ಬಂದಿ?" ಎಂದಳು. ಆ ತುತ್ತು ಉಣ್ಣುವುದು ಕಷ್ಟವಾಯಿತು. ಸಿಗಡಿಯ ಸಂಗತಿ ತಿಳಿದ ದಿನವೂ ಅಷ್ಟು ಕಷ್ಟವಾಗಿರಲಿಲ್ಲ.

ವರದಿಯ ಕೋಣೆ

ಎರಡು ತಿಂಗಳು ತಂತಿ ಅಖಂಡವಾಗಿ ಉಳಿದಾಗ ಮೂರು ದಂಡಿನ ಅಧಿಕಾರಿಗಳೂ ಒಂದೇ ಮೇಜಿಗೆ ಕೂತರು. ನಾನು ಪಕ್ಕದಲ್ಲಿ ಟೈಪ್ ಮಾಡುತ್ತಿದ್ದೆ.

"ಹೆಬ್ಬೆಟ್ಟಿನ ಚೀಟಿಯಿಂದಲೇ ಇದು ಸಾಧ್ಯವಾಯಿತು," ಎಂದ ಡಚ್ ಅಧಿಕಾರಿ. "ನಾವು ಮುನ್ನೂರು ವರ್ಷ ಹೀಗೆಯೇ ಆಳಿದ್ದೇವೆ."

"ಬೆಳಗಿನ ಶಿಸ್ತಿನಿಂದ," ಎಂದು ಲೆಫ್ಟಿನೆಂಟ್ ಬಗ್ಗಿ ಹೇಳಿದ. "ನಾವು ಮೂರೂವರೆ ವರ್ಷ ಹೀಗೆಯೇ ಆಳಿದೆವು."

ಕ್ಯಾಪ್ಟನ್ ಪೈಪು ಝಾಡಿಸಿ, "ಆದರೂ ದೇಶ ಈಗ ನಿಮ್ಮಿಬ್ಬರ ಕೈಯಲ್ಲೂ ಇಲ್ಲವಲ್ಲ," ಎಂದ.

"ಹಿಂದೂಸ್ತಾನ ಹೇಗಿದೆ?" ಎಂದು ಡಚ್ ಅಧಿಕಾರಿ ಮೆಲ್ಲಗೆ ಕೇಳಿದ.

ಕ್ಯಾಪ್ಟನ್ ನನ್ನ ಕಡೆ ತಿರುಗಿ, "ನೀನು ಹಳ್ಳಿಗಳಲ್ಲಿ ತಿರುಗುತ್ತೀಯ. ನಿನ್ನ ಅಭಿಪ್ರಾಯವೇನು?" ಎಂದ.

"ಬಟ್ಟೆ, ಸರ್."

"ಏನು?"

"ತಂತಿಯ ಮೇಲೆ ಬಟ್ಟೆ ಒಣಗುತ್ತವೆ. ಅದಕ್ಕೇ ಕಡಿಯುವುದಿಲ್ಲ."

ಮೂವರೂ ನಕ್ಕರು. ಆ ತಿಂಗಳುಗಳಲ್ಲಿ ಮೂರು ದಂಡು ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದು ಅದೊಂದೇ ಸಲ. ವರದಿಯಲ್ಲಿ ಫುಟ್‌ಬಾಲ್ ಮೊದಲು, ಚೀಟಿ ಎರಡನೆಯದು, ಶಿಸ್ತು ಮೂರನೆಯದು ಎಂದಾಯಿತು. ಎಲ್ಲರೂ ಸಹಿ ಹಾಕಿದರು. ಮೇಲಿನಿಂದ ಮೆಚ್ಚುಗೆಯ ಕಾಗದ ಬಂತು. ಅದರ ಹಿಂದೆಯೇ, ಇಷ್ಟು ಶಾಂತವಾದ ಪ್ರದೇಶವನ್ನು ಡಚ್ ದಂಡಿಗೆ ಒಪ್ಪಿಸಿ ಹೊರಡಿರಿ ಎಂಬ ಹುಕುಂ ಬಂತು. ಜಪಾನಿಯರ ಬಂದೂಕು ಕಸಿದು ಹಡಗು ಹತ್ತಿಸಿದರು.

ಹೊಸದಾಗಿ ಬಂದ ಡಚ್ ಮೇಜರ್ ಯುರೋಪಿನಿಂದ ನೇರವಾಗಿ ಬಂದವನು, ಚುರುಕಿನ ಮನುಷ್ಯ. ಮೊದಲ ದಿನವೇ ಜೀಪಿನಲ್ಲಿ ಹಳ್ಳದ ದಂಡೆಗೆ ಹೋಗಿ ಬಂದವನು ಸಿಡಿಮಿಡಿಗೊಂಡಿದ್ದ. "ಸೈನ್ಯದ ತಂತಿ ಏನು, ಅಗಸರ ಹಗ್ಗವೇನು?" ಎಂದು ಎಲ್ಲ ಬಟ್ಟೆ ತೆಗೆಸಿದ. ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ತಂತಿ ಇರಲಿಲ್ಲ. ಕಡಿದಿರಲಿಲ್ಲ, ಮೂರು ಹಳ್ಳಿಯ ಉದ್ದಕ್ಕೂ ಸುತ್ತಿ ಒಯ್ದಿದ್ದರು. ಗಳಗಳನ್ನೂ ಬಿಟ್ಟಿರಲಿಲ್ಲ.

ಮೇಜರ್ ದಂಡೆಯಲ್ಲಿ ಕೆಲಸ ಮಾಡಿದವರ ಹೆಸರು ಕೇಳಿದ. ಕಡತದಲ್ಲಿತ್ತು. ಕಾರ್ಖಾನೆಯೊಳಗೆ ಬಿಡಲು ನಾನೇ ತಿಂಗಳ ಹಿಂದೆ ಒಗೆಯುವ ಹೆಂಗಸರ ಯಾದಿ ಮಾಡಿಟ್ಟಿದ್ದೆ. ಒಂದು ಅಕ್ಷರ ತಪ್ಪಿಲ್ಲದ, ಅಂಚು ನೇರವಾದ ಯಾದಿ. ಮೊದಲ ಹೆಸರು ಬೊಕ್ ಕಾರ್ತೊ. ಹಳೆಯ ಡಚ್ ಅಧಿಕಾರಿ ತನ್ನ ವಹಿ ತೆರೆದ. ಕೆಂಪು ಶಾಯಿಯಲ್ಲಿ ಒಬ್ಬ ಕಾರ್ತೊ ಇದ್ದ. ಯಾವ ಊರು, ಯಾವ ಮನೆ ಎಂಬುದು ಈವರೆಗೆ ಅವನಿಗೆ ಗೊತ್ತಿರಲಿಲ್ಲ. ನನ್ನ ಯಾದಿಯಲ್ಲಿ ಎರಡೂ ಇದ್ದವು.

ಸಂಜೆಯೊಳಗೆ ಕಾರ್ತೊನನ್ನು ಹಿಡಿದು ತಂದು ಸಕ್ಕರೆಯ ಖಾಲಿ ಗೋದಾಮಿಗೆ ಹಾಕಿದರು. ಇಪ್ಪತ್ತರ ಆಸುಪಾಸಿನ ಬಡಕಲು ಹುಡುಗ. ಮೈಮೇಲೆ ಹನುಮಪ್ಪ ಕೊಟ್ಟಿದ್ದ ಹರಕು ಅಂಗಿ ಇತ್ತು. ನಾಳೆಯಲ್ಲ ನಾಡಿದ್ದು ಬಂದರಿನ ಜೇಲಿಗೆ ಕಳಿಸುತ್ತಾರೆ ಎಂದು ಮಾತಾಯಿತು. ಆ ಜೇಲಿಗೆ ಹೋದವರಲ್ಲಿ ತಿರುಗಿ ಬಂದವರನ್ನು ನಾನು ಕಂಡಿರಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಬೊಕ್ ಕಾರ್ತೊ ನಿಂತಿದ್ದಳು. ನನ್ನನ್ನು ಕಂಡು ಕೂಗಲಿಲ್ಲ. "ನಿನ್ನ ಕಾಗದದಾಗ ನನ್ನ ಮಗನ ಹೆಸರು ಯಾಕ ಬಂತು?" ಎಂದಳು.

"ಎಲ್ಲರೂ ಹಂಗ ಕರೀತಿದ್ರಲ್ಲ ಅವ್ವಾ."

"ಕರ್ಯೂದು ಬ್ಯಾರೆ. ಬರ್ಯೂದು ಬ್ಯಾರೆ."

ಗೋದಾಮಿನ ಅಂಗಳ

ಮರುದಿನ ಬೆಳಿಗ್ಗೆ ಮೇಜರ್, ಡಚ್ ಅಧಿಕಾರಿ, ನಮ್ಮ ಕ್ಯಾಪ್ಟನ್ ಮೂವರೂ ಅಂಗಳದಲ್ಲಿ ಕುರ್ಚಿ ಹಾಕಿ ಕೂತರು. ಕಾರ್ತೊನನ್ನು ಎದುರಿಗೆ ನಿಲ್ಲಿಸಿದರು. ದುಭಾಷಿ ನಾನೇ. ವಿಚಾರಣೆ ಶುರುವಾಗುವ ಮುಂಚೆ ಹನುಮಪ್ಪ ತೊಳೆದ ಅಂಗಿ ತೊಟ್ಟು ನಡುವೆ ಬಂದು ನಿಂತ.

"ಸ್ವಾಮ್ಯಾರ, ನಾ ಹೇಳಿದ್ದು ಹೇಳಿದ್ಹಂಗ ಇಂಗ್ಲೀಷಿನ್ಯಾಗ ಹೇಳ್ರಿ. ಒಂದು ಮಾತು ಅತ್ಲಾಗಿತ್ಲಾಗ ಮಾಡಬ್ಯಾಡ್ರಿ. ತಂತಿ ನಾ ಕಡದೀನಿ."

ಸೈನ್ಯದ ತಂತಿ ಕಡಿದ ಸೈನ್ಯದ ಆಳಿಗೆ ಏನು ಶಿಕ್ಷೆ ಎಂಬುದು ನನಗೆ ಗೊತ್ತಿತ್ತು. ಆ ಕಾಯಿದೆಯನ್ನು ನಾನೇ ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದೆ.

"ಹನುಮಪ್ಪ, ಮನೀಗಿ ಹೋಗೂದಿಲ್ಲ ನೀ," ಎಂದೆ.

"ನೀವು ಹೇಳ್ಲಿಲ್ಲಂದ್ರ ಆ ಹುಡುಗ ಹೋಗೂದಿಲ್ಲ. ಹೇಳ್ರಿ."

ಹೇಳಿದೆ. ಕ್ಯಾಪ್ಟನ್ ಪೈಪನ್ನು ಬಾಯಿಂದ ತೆಗೆದ.

"ಯಾಕೆ ಕಡಿದ?" ಎಂದ ಮೇಜರ್.

"ಬಟ್ಟಿ ತಗೀರಿ ಅಂದ್ರಿ, ತಗದ್ನಿ. ಮತ್ತ ಎಲ್ಲಿ ಒಣಹಾಕ್ಲಿ? ಸಾಹೇಬ್ರ ಚಡ್ಡಿ ಹಸೀನ ಉಳದ್ರ ನಾತ ಬಡೀತೈತಿ. ನೋಡ್ರಿ ಬೇಕಾದ್ರ."

ಎಲ್ಲರೂ ಎದ್ದು ಅಡಿಗೆಮನೆಯ ಹಿಂದೆ ಹೋದೆವು. ಎರಡು ತೆಂಗಿನ ಮರಗಳ ನಡುವೆ ಬಿಗಿಯಾಗಿ ಕಟ್ಟಿದ ಟೆಲಿಫೋನ್ ತಂತಿ. ಅದರ ಮೇಲೆ ನಾಲ್ಕು ಚಡ್ಡಿ. ನಡುವಿನ ಎರಡು ಮೇಜರನವೇ. ಸೊಂಟದ ಪಟ್ಟಿಯ ಮೇಲೆ ಹೆಸರಿತ್ತು.

ಮೇಜರ್ ಸಿಟ್ಟಿನಿಂದ ಕುದಿದ. ಇಂಗ್ಲಿಷರ ಆಳೇ ಬಂಡುಕೋರನೆಂದು ಮೇಲಕ್ಕೆ ಬರೆಯುತ್ತೇನೆ, ಇಬ್ಬರಿಗೂ ಶಿಕ್ಷೆಯಾಗಬೇಕು ಎಂದ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಒಂದು ಗುಮಾಸ್ತನ ಮಾತು ಹೊರಟಿತು. ಅದನ್ನು ನಾನು ಯೋಚಿಸಿ ಆಡಿದೆನೋ, ಅಭ್ಯಾಸಬಲದಿಂದ ಆಡಿದೆನೋ ಇವತ್ತಿಗೂ ಹೇಳಲಾರೆ.

"ಸರ್, ಮೊದಲು ಕಳಿಸಿದ ವರದಿಗೆ ತಿದ್ದುಪಡಿ ಟೈಪ್ ಮಾಡಲೇ?"

"ಏನು ತಿದ್ದುಪಡಿ?" ಎಂದ ಕ್ಯಾಪ್ಟನ್.

"ಎರಡು ತಿಂಗಳು ತಂತಿ ಉಳಿದದ್ದು ಫುಟ್‌ಬಾಲಿನಿಂದ, ಚೀಟಿಯಿಂದ, ಶಿಸ್ತಿನಿಂದ ಎಂದು ಬರೆದಿದ್ದೆವು. ಈಗ ಬಟ್ಟೆಯ ಸಂಗತಿ ಸೇರಿಸಬೇಕಾಗುತ್ತದೆ. ತಂತಿ ಹೋದದ್ದು ಬಟ್ಟೆ ತೆಗೆಸಿದ ಮರುದಿನ ಎಂಬುದನ್ನೂ."

ಕ್ಯಾಪ್ಟನ್ ಡಚ್ ಅಧಿಕಾರಿಯನ್ನು ನೋಡಿದ. ಆ ವರದಿಯ ಕೆಳಗೆ ಅವನ ಸಹಿಯೂ ಇತ್ತು. ಡಚ್ ಅಧಿಕಾರಿ ಮೇಜರನನ್ನು ನೋಡಿದ. ಬಟ್ಟೆ ತೆಗೆಸಿದ ಹುಕುಮಿನ ಕೆಳಗೆ ಮೇಜರನ ಸಹಿ ಇತ್ತು. ಮೂವರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂಗಳದಲ್ಲಿ ಕಾರ್ತೊ, ಹನುಮಪ್ಪ, ನಾನು ಬಿಸಿಲಿನಲ್ಲಿ ನಿಂತೆವು. ಕಾರ್ತೊ ತನಗೆ ಕಾವಲಿಗಿದ್ದವನನ್ನು ಕೇಳಿ ಹನುಮಪ್ಪನಿಗೆ ನೀರು ಕೊಡಿಸಿದ.

ಕ್ಯಾಪ್ಟನ್ ಹೊರಗೆ ಬಂದು, "ತಂತಿ ಗಾಳಿಗೆ ಬಿದ್ದಿದೆ ಎಂದು ಟೈಪ್ ಮಾಡು," ಎಂದ. ಆ ವಾರ ತೆಂಗಿನ ಗರಿ ಅಲುಗಿರಲಿಲ್ಲ. ಟೈಪ್ ಮಾಡಿದೆ. ಗಾಳಿಯನ್ನು ಸೆರೆಗೆ ಹಾಕಲು ಬರುವುದಿಲ್ಲವಾದ್ದರಿಂದ ಕಾರ್ತೊನನ್ನು ಬಿಟ್ಟರು. ಅಂಗಳ ದಾಟುವಾಗ ಅವನು ಓಡಲಿಲ್ಲ. ಬಾಗಿಲಲ್ಲಿ ಅವ್ವನ ಕೈ ಹಿಡಿದ ಮೇಲೆ ಇಬ್ಬರೂ ಓಡಿದರು. ಹನುಮಪ್ಪನಿಗೆ, ಚಡ್ಡಿಯನ್ನು ಅನುಚಿತ ಸ್ಥಳದಲ್ಲಿ ಒಣಹಾಕಿದ ಅಪರಾಧಕ್ಕೆ, ಏಳು ದಿನ ಪಾಯಿಖಾನೆಯ ಗುಂಡಿ ತೋಡುವ ಶಿಕ್ಷೆಯಾಯಿತು.

ಗುಂಡಿಯ ಅಂಚಿಗೆ ಕೂತು ಕೇಳಿದೆ: "ಖರೇ ಹೇಳು. ನೀನ ಕಡದಿ?"

"ನಾಕು ಮೊಳ ನಾ ಕಡದೀನ್ರಿ. ಉಳಿದದ್ದು ಯಾರು ಒಯ್ದ್ರು ಅಂತ ನಾ ಕೇಳ್ಲಿಲ್ಲ. ಕೇಳಿದ್ರ ಗೊತ್ತಾಗಿಬಿಡ್ತಿತ್ತಲ್ರಿ."

ಅವನು ಗುಂಡಿಯಲ್ಲಿದ್ದ ಏಳು ದಿನ ಸಾಹೇಬರ ಬಟ್ಟೆ ಒಗೆಯಲು ಬೇರೆ ಯಾರೂ ಇರಲಿಲ್ಲ. ಹೆಂಗಸರು ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದರು. ಗಂಟು ಹೊತ್ತು ನಾನೇ ಹಳ್ಳಕ್ಕೆ ಹೋದೆ. ನಮ್ಮ ಮನೆತನದಲ್ಲಿ ಊರಿನವರಿಂದ ಪಾದಪೂಜೆ ಮಾಡಿಸಿಕೊಂಡವರಿದ್ದಾರೆ. ಇನ್ನೊಬ್ಬರ ಚಡ್ಡಿ ಒಗೆದವನು ನಾನೇ ಮೊದಲಿಗ. ಎತ್ತಿ ಬಡಿದೆ, ನೀರೆಲ್ಲ ನನ್ನ ಮುಖಕ್ಕೇ ಹಾರಿತು. ಕಾಲರಿನ ಕೊಳೆ ಹೋಗಲಿಲ್ಲ. ಆಚೆ ದಂಡೆಯಲ್ಲಿ ಬೊಕ್ ಕಾರ್ತೊ ಕೂತಿದ್ದಳು. ಮೂರು ದಿನ ನನ್ನ ಕಡೆ ತಿರುಗಲಿಲ್ಲ. ನಾಲ್ಕನೆಯ ದಿನ ನೀರು ದಾಟಿ ಬಂದು, ನನ್ನ ಕೈಯಿಂದ ಅಂಗಿ ಕಸಿದು, ಕಾಲರನ್ನು ಒಳಮಗ್ಗುಲಿಗೆ ಮಗುಚಿ ಹೆಬ್ಬೆರಳಿನಿಂದ ಉಜ್ಜಿ ತೋರಿಸಿದಳು. ಆಮೇಲೆ ಅಂಗಿಯನ್ನು ನನ್ನ ಕೈಗೆ ಕೊಟ್ಟು, ನಾನು ಸರಿಯಾಗಿ ಮಾಡುವವರೆಗೂ ಕೂತು ನೋಡಿದಳು.

ಮುಂದಿನ ವಾರ ನಾವು ಹಡಗು ಹತ್ತಿದೆವು.

ಮುಂಡರಗಿ ದಾರಿ

ಊರಿಗೆ ಬಂದು ವರ್ಷ ತುಂಬುವುದರಲ್ಲಿ ಹೊಳೆಯಾಚೆಯವರಿಗೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಹೈದರಾಬಾದು ಬೇರೆಯೇ ದೇಶವಾಗಿ ಉಳಿಯಿತು. ಕುಕನೂರಿನಿಂದ ಗದಗಿಗೆ ಹೋಗುವುದು ಪರದೇಶದ ಪ್ರವಾಸವಾಯಿತು. ಊರಿನ ಹುಡುಗರು ನಿಜಾಮರ ಮೇಲೆ ಬಂಡೆದ್ದು, ಗಡಿ ದಾಟಿ ಶಿಬಿರ ಸೇರಿದರು. ಒಂದು ದಿನ ಪೊಲೀಸ್ ಚೌಕಿಗೆ ಹೊಸದಾಗಿ ಬಂದಿದ್ದ ಅಮೀನ ಸಾಹೇಬರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಟೈಪ್‌ರೈಟರ್ ಇತ್ತು.

"ಬರ್ರಿ ವೀರಯ್ಯನವರ. ನಿಮಗ ಉರ್ದು ಬರ್ತದ, ಟೈಪೂ ಬರ್ತದ. ಜಾವಾದಾಗ ಬಂಡಾಯ ಅಡಗಿಸಿ ಬಂದೀರಿ ಅಂತ ಕೇಳೀನಿ. ಯಾರ್ಯಾರ ಮನಿ ಹುಡುಗ್ರು ಗಡಿ ದಾಟ್ಯಾರ, ಒಂದು ಫೆಹರಿಸ್ತ್ ಮಾಡಿ ಕೊಡ್ರಿ."

"ನಾಳೆ ಬರ್ತೀನ್ರಿ," ಎಂದೆ. ಫೆಹರಿಸ್ತ್ ಎಂದರೆ ಯಾದಿ. ಆ ಮಧ್ಯಾಹ್ನವೇ ಹೆಂಡತಿಯನ್ನೂ ಮಗಳನ್ನೂ ಚಕ್ಕಡಿಯಲ್ಲಿ ಕೂರಿಸಿ, ಬೀಗರ ಮನೆಯ ಕಾರ್ಯವೆಂದು ಹೇಳಿ ಮುಂಡರಗಿಯ ದಾರಿ ಹಿಡಿದೆ.

ಗಡಿಯಾಚೆಯ ಒಂದು ಶಿಬಿರದಲ್ಲಿ ಇಳಿದೆವು. ಜೋಳದ ರೊಟ್ಟಿ ಕೊಟ್ಟರು, ಚಾಪೆ ಕೊಟ್ಟರು. ಮರುದಿನ ಶಿಬಿರದ ಮುಖಂಡರು ಕರೆದರು. ಒಳ್ಳೆಯ ಮನುಷ್ಯ, ಖಾದಿ ಟೊಪ್ಪಿಗೆ, ನಗುಮುಖ. ಅವರ ಮೇಜಿನ ಮೇಲೂ ಒಂದು ಟೈಪ್‌ರೈಟರ್ ಇತ್ತು.

"ನಿಮ್ಮೂರಾಗ ಸರಕಾರದ ಕಡೆ ಇರೂ ಮಂದಿ ಯಾರ್ಯಾರು ಅದಾರ, ನಮಗೊಂದು ಯಾದಿ ಬೇಕಾಗೇತ್ರಿ," ಎಂದರು. "ಅದಿರಲಿ, ನಿಮಗ ಏನೇನು ಬರ್ತದ ಹೇಳ್ರಿ."

ನಾನು ಮಷಿನ್ನಿನ ಕಡೆ ನೋಡಲಿಲ್ಲ.

"ಬಟ್ಟಿ ಒಗ್ಯಾಕ ಬರ್ತದ್ರಿ," ಎಂದೆ.

ಮುಖಂಡರು ನನ್ನ ಕೊರಳಿನ ಲಿಂಗವನ್ನೂ ಮುಖವನ್ನೂ ಎರಡು ಸಲ ನೋಡಿದರು. ಹೊರಗೆ ನಿಂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಹಿಡಿದಳು. ಅವಳು ಅತ್ತಳೋ ನಕ್ಕಳೋ ಅವತ್ತು ತಿಳಿಯಲಿಲ್ಲ. ಆಮೇಲೆ ಕೇಳಿದಾಗ ಎರಡೂ ಅಂದಳು. ಮರುದಿನದಿಂದ ಶಿಬಿರದ ಎಂಬತ್ತು ಜನರ ಬಟ್ಟೆ ನನ್ನ ಪಾಲಿಗೆ ಬಂದವು. ಸೊಂಟ ಹಿಡಿಯಿತು, ಕೈ ಸಿಪ್ಪೆ ಎದ್ದಿತು. ಕೆಲಸ ಸುಮಾರು, ಗುಂಡಿಗಳು ಒಡೆಯುತ್ತವೆ ಎಂದು ದೂರು ಬಂತು. ಕಾಲರಿನ ಬಗ್ಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ.